ತೀರ್ಪು ಬಂದ ಮೇಲೂ ಬಾಗಿಲಿದೆ



ಜಾತಿ ದೌರ್ಜನ್ಯದ ಮೊಕದ್ದಮೆಯೊಂದು ಕೆಳಗಿನ ನ್ಯಾಯಾಲಯದಲ್ಲಿ ಬಿದ್ದುಹೋದರೆ ನಮ್ಮ ಊರುಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಬಿಡುಗಡೆಯಾದವರು ‘ಕೇಸೇ ಸುಳ್ಳಿತ್ತು’ ಎನ್ನುತ್ತಾರೆ. ದೂರು ಕೊಟ್ಟವರು ‘ಮುಂದ ಹೋಗಾಕ ಅಪ್ಪಣೆ ಬೇಕಂತ, ಇಲ್ಲಿಗೆ ಮುಗೀತು’ ಎಂದು ಸುಮ್ಮನಾಗುತ್ತಾರೆ. ಎರಡನ್ನೂ ತಿದ್ದಬೇಕಾಗಿದೆ.

ಸಾಕ್ಷ್ಯ ಸಾಲದೆ ಖುಲಾಸೆಯಾದರೆ ದೂರು ಸುಳ್ಳೆಂದು ಅರ್ಥವಲ್ಲ. ಸಂಶಯದ ಲಾಭ ಆರೋಪಿಗೆ ಸಿಕ್ಕಿತೆಂದು ಅರ್ಥ. ಇನ್ನು ಅಪ್ಪಣೆಯ ಮಾತು. ಖುಲಾಸೆಯ ವಿರುದ್ಧ ಸರ್ಕಾರ ಹೈಕೋರ್ಟಿಗೆ ಹೋಗಬೇಕಾದರೆ ಆ ಕೋರ್ಟಿನ ಅನುಮತಿ ಬೇಕು. ನೊಂದವರಿಗೆ ಅದು ಬೇಕಿಲ್ಲ. ಈ ಮಾತು ಸ್ಪಷ್ಟವಾದದ್ದು ನಮ್ಮ ನೆರೆಯ ಬಾಗಲಕೋಟೆಯ ಪ್ರಕರಣದಿಂದಲೇ. 2009ರ ಹಲ್ಲೆಯೊಂದರಲ್ಲಿ ಆರೋಪಿಗಳು 2013ರಲ್ಲಿ ಖುಲಾಸೆಯಾದರು. ಗಾಯಗೊಂಡವರ ಮೇಲ್ಮನವಿಯನ್ನು ಹೈಕೋರ್ಟ್ ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಅದು ಮಲ್ಲಿಕಾರ್ಜುನ ಕೊಡಗಲಿ ಪ್ರಕರಣವೆಂಬ ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2018ರ ಅಕ್ಟೋಬರ್ 12ರಂದು ಬಹುಮತದ ತೀರ್ಪು ಬಂತು: ಸಂತ್ರಸ್ತರು ಅನುಮತಿ ಕೇಳದೆಯೇ ಮೇಲ್ಮನವಿ ಹಾಕಬಹುದು. ಆ ತೀರ್ಪು ಬರುವ ಹೊತ್ತಿಗೆ ದೂರುದಾರರು ತೀರಿಕೊಂಡಿದ್ದರು.

ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 14ಎ ಕಲಮಿನ ಪ್ರಕಾರ ವಿಶೇಷ ನ್ಯಾಯಾಲಯದ ತೀರ್ಪಿನ ಮೇಲೆ 90 ದಿನಗಳೊಳಗೆ ಹೈಕೋರ್ಟಿಗೆ ಹೋಗಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರಿಗೆ ಅದು ಕಲಬುರಗಿ ಪೀಠ. ಪರಿಶಿಷ್ಟರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಟ್ಟರಾಯಿತು. ಇದು ಗೊತ್ತಿಲ್ಲದೆ 90 ದಿನ ಕಳೆದುಹೋಗುತ್ತವೆ.

ನಾನು ಇಂಜಿನಿಯರನಾಗಿ ದುಡಿದವನು. ಕಿರಿಯರು ಬರೆದ ಅಳತೆಯನ್ನು ಮೇಲಿನವರು ಮತ್ತೆ ಅಳೆದರೆ ನಮ್ಮಲ್ಲಿ ಯಾರೂ ಅವಮಾನವೆನ್ನುತ್ತಿರಲಿಲ್ಲ. ಮೇಲ್ಮನವಿಯೂ ಮರುಅಳತೆಯೇ. ಕೊಪ್ಪಳ ಜಿಲ್ಲೆಯ ಮರಕುಂಬಿ ಪ್ರಕರಣದಲ್ಲಿ 2024ರ ಅಕ್ಟೋಬರಿನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆಯಾದಾಗ ಅವರ ಕಡೆಯವರು ಧಾರವಾಡ ಪೀಠದ ಮೊರೆಹೋದರು. ಅದು ಅವರ ಹಕ್ಕು. ಅದೇ ಹಕ್ಕನ್ನು ಕೇರಿಯವರು ಬಳಸಿದರೆ ‘ಹಟ’ ಎನ್ನುವುದೇಕೆ?

ಆದರೆ ಮಣ್ಣು ಮುಚ್ಚಿದ ಅಡಿಪಾಯವನ್ನು ಮರುಅಳತೆ ಮಾಡುವುದು ಕಷ್ಟ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಡಲಾಯಿತು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮೇಲಿನ ನ್ಯಾಯಾಲಯ ತೂಗುವುದು ಕೆಳಗೆ ದಾಖಲಾದ ಸಾಕ್ಷ್ಯವನ್ನು. ಸಾಕ್ಷಿಯ ಬಾಯಿ ಊರಲ್ಲೇ ಕಟ್ಟಿದ ಮೇಲೆ ಎಷ್ಟು ಮೆಟ್ಟಿಲು ಹತ್ತಿದರೂ ಏನು ಸಿಕ್ಕೀತು?

ಆ ಬಾಯಿ ಕಟ್ಟುವವರು ಯಾರು? ಕೂಲಿ ನಿಲ್ಲಿಸುವ ಹೊಲದ ಒಡೆಯ, ಅಂಗಡಿಯಲ್ಲಿ ಸಾಮಾನು ಕೊಡದವನು, ‘ರಾಜಿ ಆಗ್ರಿ’ ಎಂದು ಕಟ್ಟೆಯ ಮೇಲೆ ಕೂತು ಹೇಳುವ ಹಿರಿಯ. ಅವರಲ್ಲಿ ಅನೇಕರು ಇಷ್ಟಲಿಂಗ ಧರಿಸಿದವರು, ನಮ್ಮವರೇ. ಇದನ್ನು ಒಪ್ಪದೆ ಬಸವ ಜಯಂತಿ ಆಚರಿಸಿ ಫಲವಿಲ್ಲ.

ಪೂಜ್ಯರಲ್ಲಿ ನನ್ನ ಬಿನ್ನಹ ಮೂರು. ಯಾವ ಮಠವೂ ದೌರ್ಜನ್ಯದ ಪ್ರಕರಣದಲ್ಲಿ ರಾಜಿ ಮಾಡಿಸಬಾರದು. ಸಾಕ್ಷಿ ಹೇಳುವ ಕುಟುಂಬಕ್ಕೆ ಕೂಲಿ ತಪ್ಪಿದರೆ ದಾಸೋಹದಿಂದ ಕಾಳು ಹೋಗಬೇಕು. ಪ್ರಕರಣ ಬಿದ್ದರೆ 90 ದಿನದ ಲೆಕ್ಕ ಹೇಳಿ, ಕಲಬುರಗಿಯ ದಾರಿ ತೋರಿಸಬೇಕು. ಅಲ್ಲಿಯೂ ಖುಲಾಸೆಯೇ ಉಳಿದರೆ ಕಾನೂನಿಗೆ ಎಲ್ಲರೂ ತಲೆಬಾಗೋಣ. ಬಿಡುಗಡೆಯಾದವನನ್ನು ಅಪರಾಧಿ ಎನ್ನುವ ಹಕ್ಕು ಯಾರಿಗೂ ಇಲ್ಲ.

ಹರಳಯ್ಯ, ಮಧುವರಸರು ಮಕ್ಕಳ ಮದುವೆ ಮಾಡಿದ್ದಕ್ಕೆ ಎಳೆಹೂಟೆಯ ಶಿಕ್ಷೆ ಉಂಡರು. ಅವರಿಗೆ ಮನವಿ ಸಲ್ಲಿಸಲು ಮೇಲೊಂದು ಕಟ್ಟೆ ಇರಲಿಲ್ಲ. ಇಂದು ಇದೆ. ಅದರ ಬಾಗಿಲಿಗೆ ನಾವು ಅಡ್ಡ ನಿಲ್ಲದಿರೋಣ.