ಬಿಡಿಯಾಗಿ ಮಾರಬಾರದ ಮನೆಗಳು

ಹಳೆಯ ಮನೆಯೊಂದನ್ನು ಹಣ ತೆತ್ತು ಕೊಂಡವನಿಗೆ ಅದರ ಒಡಲನ್ನು ಬಿಡಿಬಿಡಿಯಾಗಿ ಕಳಚಿ ಮಾರುವ ಅಧಿಕಾರವೂ ಉಂಟೇ ಎಂಬ ಪ್ರಶ್ನೆ 1985ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪಸಡೀನಾ ನಗರವನ್ನು ಕಲಕಿತು. ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಗ್ರೀನ್ ಮತ್ತು ಹೆನ್ರಿ ಗ್ರೀನ್ ಸೋದರರು 1907ರಲ್ಲಿ ರೂಪಿಸಿದ ಬ್ಲಾಕರ್ ಭವನ 1985ರಲ್ಲಿ ಕೈ ಬದಲಾಯಿಸಿತು. ಆ ಮನೆಗೆಂದೇ ಮರದಲ್ಲೂ ಬಣ್ಣದ ಗಾಜಿನಲ್ಲೂ ಮಾಡಿಸಿದ್ದ ಹತ್ತಾರು ದೀಪಗಳನ್ನು ಹೊಸ ಒಡೆಯರು ತೆಗೆಸಿ ಸಾಗಿಸಿದರು. ಅದನ್ನು ತಡೆಯಬಲ್ಲ ನಿಯಮವೇ ಅಂದು ಇರಲಿಲ್ಲ. ಪೌರರ ಆಕ್ರೋಶ ಎಷ್ಟು ತೀವ್ರವಾಯಿತೆಂದರೆ, ಗ್ರೀನ್ ಸೋದರರ ಮನೆಗಳಿಂದ ಇಂಥ ವಸ್ತುಗಳನ್ನು ನಗರದ ಪರಿಶೀಲನೆಯಿಲ್ಲದೆ ಕಳಚಕೂಡದೆಂಬ ಶಾಸನವನ್ನು ನಗರಸಭೆ ತರಬೇಕಾಯಿತು. ಆ ಶಾಸನ ನ್ಯಾಯವಾದುದೆಂದೂ, ಆದರೆ ಅದರ ವ್ಯಾಪ್ತಿ ಸಾಲದೆಂದೂ ನನ್ನ ದೃಢವಾದ ಅಭಿಪ್ರಾಯ.

ಬ್ಲಾಕರ್ ಭವನದ ಕ್ರಾಫ್ಟ್ಸ್‌ಮನ್ ಎಂಬ ಶೈಲಿಗೆ ಆ ಹೆಸರು, ಗುಸ್ತಾವ್ ಸ್ಟಿಕ್ಲಿ 1901ರಿಂದ 1916ರವರೆಗೆ ನಡೆಸಿದ ‘ದಿ ಕ್ರಾಫ್ಟ್ಸ್‌ಮನ್’ ಪತ್ರಿಕೆಯಿಂದ ಬಂದುದು. ಯಂತ್ರಗಳು ಅಗ್ಗವಾಗಿ ಹೊರಚೆಲ್ಲುತ್ತಿದ್ದ ಹುಸಿ ಅಲಂಕರಣಕ್ಕೆ ಬೇಸತ್ತು, ತೊಲೆಯು ತೊಲೆಯಾಗಿಯೇ, ಕೀಲು ಕೀಲಾಗಿಯೇ ಕಾಣಲಿ, ಕಟ್ಟಿದವನ ಕೈ ವಾಸಿಸುವವನ ಕಣ್ಣಿಗೆ ಗೋಚರವಾಗಲಿ ಎಂದು ಬಯಸಿದ ಒಂದು ಪೀಳಿಗೆಯ ಆದರ್ಶ ಇಂಥ ಮನೆಗಳಲ್ಲಿ ಮೂರ್ತಗೊಂಡಿದೆ. ಇದೇ ಸೋದರರು 1908ರಲ್ಲಿ ರೂಪಿಸಿದ ಗ್ಯಾಂಬಲ್ ಭವನದ ಮೆಟ್ಟಿಲುಗಳನ್ನೇ ನೋಡಿ: ತೇಗದ ಹಲಗೆಗಳು ಕೈಬೆರಳುಗಳನ್ನು ಹೆಣೆದಂತೆ ಒಂದರೊಳಗೊಂದು ಸೇರಿವೆ; ಅವುಗಳ ಅಂಚನ್ನು ಎಲ್ಲಿಯೂ ಕೈಗೆ ಒತ್ತದಷ್ಟು ಮೃದುವಾಗಿ ತೀಡಲಾಗಿದೆ; ಕಟಾಂಜನವು ಮೆಟ್ಟಿಲ ಏರಿಕೆಯನ್ನೇ ಅನುಸರಿಸಿ ಹಂತಹಂತವಾಗಿ ಮೇಲಕ್ಕೇರುತ್ತದೆ. ಇಲ್ಲಿ ರಚನೆಯೇ ಅಲಂಕಾರವಾದ್ದರಿಂದ, ಒಂದು ದೀಪವನ್ನಾಗಲಿ ಒಂದು ಕಪಾಟನ್ನಾಗಲಿ ಕಿತ್ತರೆ ಮನೆಯ ಅರ್ಥವೇ ಊನವಾಗುತ್ತದೆ.

ಆ ಗ್ಯಾಂಬಲ್ ಭವನವೂ ಒಮ್ಮೆ ಮಾರಾಟದ ಅಂಚಿಗೆ ಬಂದಿತ್ತು. ನೋಡಲು ಬಂದವರೊಬ್ಬರು ಒಳಗಿನ ಮರಗೆಲಸಕ್ಕೆಲ್ಲ ಬಿಳಿಯ ಬಣ್ಣ ಬಳಿಸುವ ಮಾತಾಡಿದರಂತೆ; ಅದನ್ನು ಕೇಳಿದ ಮನೆತನದವರು ಮಾರುವ ಯೋಚನೆಯನ್ನೇ ಕೈಬಿಟ್ಟು, ಮುಂದೆ 1966ರಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೂ ಪಾಲುಗೊಂಡ ಒಪ್ಪಂದದಂತೆ ಅದನ್ನು ನಗರಕ್ಕೆ ದಾನವಾಗಿತ್ತರು. ಉದಾತ್ತವಾದ ನಡತೆ, ಸಂದೇಹವಿಲ್ಲ. ಆದರೆ ಶ್ರೀಮಂತ ಕುಟುಂಬವೊಂದರ ಔದಾರ್ಯವನ್ನು ನಂಬಿಕೊಂಡು ಒಂದು ನಗರದ ಪರಂಪರೆ ಬದುಕಲಾರದು.

ಅದೇ ಊರಿನ ‘ಬಂಗಲೋ ಹೆವನ್’ ಬಡಾವಣೆಯಲ್ಲಿ ಮಧ್ಯಮ ವರ್ಗದವರು ಕಟ್ಟಿಕೊಂಡ ನೂರಾರು ಸಣ್ಣ ಮನೆಗಳಿವೆ. 1989ರಲ್ಲಿ ಅದಕ್ಕೆ ಸಂರಕ್ಷಿತ ಪ್ರದೇಶವೆಂಬ ಮಾನ್ಯತೆ ಬಂದುದರಿಂದ ಮುಂಚಾಚಿದ ಸೂರು, ವಿಶಾಲವಾದ ಜಗಲಿ, ಬೀದಿಗೆ ಕಾಣುವ ಮುಖ ಇವೆಲ್ಲ ಉಳಿದವು. ಆದರೆ ಗೋಡೆಗೆ ಕೂಡಿಸಿದ ಪುಸ್ತಕದ ಕಪಾಟು, ಕಿಟಕಿಯ ಕೆಳಗಿನ ಪೀಠ, ಅಗ್ಗಿಷ್ಟಿಕೆಯ ಸುತ್ತ ಅರ್ನೆಸ್ಟ್ ಬ್ಯಾಚೆಲ್ಡರ್ ಮಾಡಿದ ಮಣ್ಣಿನ ಬಿಲ್ಲೆಗಳು ಆ ರಕ್ಷಣೆಯ ಆಚೆಗೇ ಉಳಿದಿವೆ. 2025ರ ಜನವರಿಯಲ್ಲಿ ನೆರೆಯ ಆಲ್ಟಡೀನಾ ಕಾಳ್ಗಿಚ್ಚಿಗೆ ಸಿಕ್ಕಿ ಉರಿದಾಗ, ಬೂದಿಯ ನಡುವೆ ಒಂಟಿಯಾಗಿ ನಿಂತ ಹೊಗೆಗೂಡುಗಳಿಂದ ಸ್ವಯಂಸೇವಕರು ಇದೇ ಬಿಲ್ಲೆಗಳನ್ನು ಒಂದೊಂದಾಗಿ ಬಿಡಿಸಿ ರಕ್ಷಿಸಿದರು. ಮನೆಯೇ ಅಳಿದ ಮೇಲೆ ಅಂಗವನ್ನು ಉಳಿಸುವುದು ಪುಣ್ಯದ ಕಾರ್ಯ. ಮನೆ ನಿಂತಿರುವಾಗಲೇ ಅದನ್ನು ಕಿತ್ತೊಯ್ಯುವುದು ಲೂಟಿ.

ಸ್ವಂತ ಮನೆಯೊಳಗೆ ಸರ್ಕಾರಕ್ಕೇನು ಕೆಲಸವೆಂಬ ಆಕ್ಷೇಪ ಕ್ಷುಲ್ಲಕವಲ್ಲ. ಒಲೆಮನೆ, ಸ್ನಾನಗೃಹ, ವಿದ್ಯುತ್ತಿನ ತಂತಿ ಇವನ್ನು ಕಾಲಕ್ಕೆ ತಕ್ಕಂತೆ ಬದಲಿಸಿಕೊಳ್ಳದೆ ಯಾರೂ ಸಂಸಾರ ಮಾಡಲಾರರು. ಹಾಗೆ ಮಾಡಬೇಕೆಂದು ಹೇಳುವುದೂ ತರವಲ್ಲ. ಆದರೆ ದಂಡಕ್ಕಿಂತ ಸೌಮ್ಯವಾದ ಮಾರ್ಗವೊಂದು ಕ್ಯಾಲಿಫೋರ್ನಿಯಾದಲ್ಲಿ ಆಗಲೇ ಇದೆ. 1972ರ ಮಿಲ್ಸ್ ಕಾಯಿದೆಯಂತೆ, ಐತಿಹಾಸಿಕ ಮನೆಯನ್ನು ಕಾಪಾಡುವುದಾಗಿ ಸ್ಥಳೀಯ ಆಡಳಿತದೊಡನೆ ಕನಿಷ್ಠ ಹತ್ತು ವರ್ಷಗಳ ಕರಾರು ಮಾಡಿಕೊಂಡ ಒಡೆಯನಿಗೆ ಆಸ್ತಿ ತೆರಿಗೆಯಲ್ಲಿ ಇಳಿತ ದೊರೆಯುತ್ತದೆ. ಮನೆ ಮಾರಾಟವಾದರೆ ಆ ಕರಾರು ಕೊಂಡವನನ್ನೂ ಕಟ್ಟುತ್ತದೆ. ಇಂಥ ಪ್ರತಿಯೊಂದು ಕರಾರಿನಲ್ಲಿಯೂ ಮನೆಯೊಳಗಣ ಮೂಲ ಮರಗೆಲಸ, ಗಾಜು, ದೀಪ, ಬಿಲ್ಲೆಗಳ ಪಟ್ಟಿ ಸೇರಬೇಕು. ತೆರಿಗೆಯ ರಿಯಾಯಿತಿ ಪಡೆದ ಒಡೆಯ, ಹಿಂದಿನವನಿಂದ ಬಂದುದನ್ನು ಆ ಪಟ್ಟಿಯಂತೆ ಮುಂದಿನವನಿಗೆ ಒಪ್ಪಿಸಬೇಕು.