ಆಗಸದ ಸದ್ದಿಗೆ ಕಿವಿಗೊಟ್ಟವರು

ಆಳಂದ, ಅಫಜಲಪುರ, ಜೇವರ್ಗಿಗಳ ಕಡೆ ಹಿಂದೆ ರೇಡಿಯೋ ಇದ್ದ ಮನೆಗಳಲ್ಲಿ, ರಾತ್ರಿಯ ಊಟವಾದ ಮೇಲೆ ಸಿಲೋನ್ ನಿಲಯವನ್ನು ಹುಡುಕುತ್ತ ಮುಳ್ಳು ತಿರುಗಿಸಿದವರಿಗೆ ಒಂದು ಸದ್ದು ಚೆನ್ನಾಗಿ ನೆನಪಿರುತ್ತದೆ: ಒಂದು ನಿಲಯ ಜಾರಿ ಇನ್ನೊಂದು ಸಿಕ್ಕುವ ನಡುವಿನ ಗೊರಗೊರ. ಮನೆಯ ಹಿರಿಯರು ಗದರಿಕೊಳ್ಳುತ್ತಿದ್ದ ಆ ಸದ್ದಿನಲ್ಲಿ ಮಿಂಚಿನ ಪಾಲುಂಟು, ಬೀದಿಯ ಮೋಟಾರುಗಳ ಪಾಲುಂಟು. ಶಾರ್ಟ್‌ವೇವಿನ ಮೇಲ್ತುದಿಯಲ್ಲಿ ಆಕಾಶಗಂಗೆಯ ಪಾಲೂ ಉಂಟು. ಅಮೆರಿಕದ ಕಾರ್ಲ್ ಜಾನ್ಸ್ಕಿ ಎಂಬ ತರುಣ ಇಂಜಿನಿಯರು 1933ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ರೇಡಿಯೋ ಖಗೋಳವಿಜ್ಞಾನ ಹುಟ್ಟಿದ್ದು ಹೀಗೆ, ಯಾರಿಗೂ ಬೇಡದ ಸದ್ದಿನಿಂದ.

ಆ ಸದ್ದಿಗೆ ಬಾಳನ್ನೇ ಮುಡಿಪಿಟ್ಟವರಲ್ಲಿ ಬೆಂಗಳೂರಿನಲ್ಲಿ ಬೆಳೆದ ವಿ. ರಾಧಾಕೃಷ್ಣನ್ ಒಬ್ಬರು. 1929ರಲ್ಲಿ ಜನಿಸಿದ ಇವರು ಸರ್ ಸಿ. ವಿ. ರಾಮನ್ ಅವರ ಪುತ್ರರು. ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಆನರ್ಸ್ ಪದವಿ ಬಂದ ಮೇಲೆ ಇವರು ಪರೀಕ್ಷೆಗಳ ಗೊಡವೆಗೆ ಹೋಗಲಿಲ್ಲ. ಸ್ವೀಡನ್ನಿನಲ್ಲಿ ಯಂತ್ರ ಕಟ್ಟಿದರು. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಜಿಮ್ ರಾಬರ್ಟ್ಸ್ ಅವರೊಡಗೂಡಿ, ಗುರುಗ್ರಹವನ್ನು ವಿದ್ಯುತ್ಕಣಗಳ ಪಟ್ಟಿಯೊಂದು ಸುತ್ತುವರಿದಿದೆಯೆಂದು 1960ರಲ್ಲಿ ತೋರಿಸಿದರು. ಡಾಕ್ಟರೇಟು ಮಾತ್ರ ಪಡೆಯಲಿಲ್ಲ. ವರನ ಜಾತಕಕ್ಕಿಂತ ಮೊದಲು ಪದವಿಗಳ ಪಟ್ಟಿ ಕೇಳುವ ನಮ್ಮ ಸಂಸಾರಗಳಲ್ಲಿ ಇದನ್ನು ನಂಬಿಸುವುದು ಕಷ್ಟ! ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟನ್ನು ಕೊಟ್ಟದ್ದು 1996ರಲ್ಲಿ. ಅಷ್ಟರಲ್ಲಿ ಅವರು ನಿರ್ದೇಶಕ ಹುದ್ದೆಯಿಂದ ನಿವೃತ್ತರೂ ಆಗಿದ್ದರು.

ಅಮೆರಿಕದ ಕೆಲಸ ಮುಗಿಸಿ ಅವರು ಆಸ್ಟ್ರೇಲಿಯಕ್ಕೆ ಹೋದದ್ದು ಮೂರು ಒಡಲಿನ ಪುಟ್ಟ ಹಾಯಿದೋಣಿಯಲ್ಲಿ, ಮಹಾಸಾಗರಗಳನ್ನೇ ದಾಟಿಕೊಂಡು. ಅಲ್ಲಿಯ ಪಾರ್ಕ್ಸ್ ಎಂಬಲ್ಲಿ 64 ಮೀಟರ್ ಅಗಲದ ದೊಡ್ಡ ಬೋಗುಣಿಯಂಥ ದೂರದರ್ಶಕವಿದೆ. ಮಾರ್ಚ್ ನಡುವಿನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಜೇವರ್ಗಿಯ ಮಾಳಿಗೆಯ ಮೇಲೆ ತೆಂಕಣಕ್ಕೆ ಮುಖಮಾಡಿ ನಿಂತರೆ ಅಗಸ್ತ್ಯ ನಕ್ಷತ್ರ ಕಾಣುತ್ತದಷ್ಟೆ. ಅದರ ಎಡಕ್ಕೆ, ಬರಿಗಣ್ಣಿಗೆ ಕಾಣದಂತೆ, ಒಂದು ಸತ್ತ ನಕ್ಷತ್ರವಿದೆ. ಸೂರ್ಯನಿಗಿಂತ ಹೆಚ್ಚಿನ ದ್ರವ್ಯ ಅದರಲ್ಲಿ ಅಡಕವಾಗಿದೆ. ಗಾತ್ರವೋ ಆಳಂದ ತಾಲ್ಲೂಕಿನೊಳಗೆ ಸಲೀಸಾಗಿ ಕೂರುವಷ್ಟು. ಸೆಕೆಂಡಿಗೆ ಹನ್ನೊಂದು ಸುತ್ತು ಸುತ್ತುತ್ತ, ಸುತ್ತಿಗೊಮ್ಮೆ ರೇಡಿಯೋ ಮಿಡಿತವನ್ನು ನಮ್ಮೆಡೆಗೆ ಎಸೆಯುತ್ತದೆ. ಇದೇ ವೇಲಾ ಪಲ್ಸಾರ್.

ಪ್ರತಿ ಮಿಡಿತದೊಳಗೂ ಅಲೆಗಳು ಕಂಪಿಸುವ ದಿಕ್ಕು ನಯವಾಗಿ ಹೊರಳುವುದನ್ನು ರಾಧಾಕೃಷ್ಣನ್ ಮತ್ತು ಕುಕ್ 1969ರಲ್ಲಿ ಗಮನಿಸಿದರು. ನಕ್ಷತ್ರದ ಕಾಂತಧ್ರುವದಿಂದ ಹೊರಟ ಕಿರಣ ನಮ್ಮನ್ನು ಸವರಿ ಹೋದರೆ ಮಾತ್ರ ಹೀಗಾಗಬೇಕು ಎಂಬುದು ಅವರ ತರ್ಕ. ಪಲ್ಸಾರುಗಳನ್ನು ಅಳೆಯುವವರು ಇಂದಿಗೂ ಮೊದಲು ಹಿಡಿಯುವ ಅಳತೆಗೋಲು ಇದೇ. ಅದೇ ವರ್ಷ ಇನ್ನೊಂದು ಸೋಜಿಗ: ದಿನೇ ದಿನೇ ನಿಧಾನವಾಗುತ್ತಿದ್ದ ವೇಲಾ ಇದ್ದಕ್ಕಿದ್ದಂತೆ, ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು, ವೇಗವಾಗಿ ಸುತ್ತತೊಡಗಿತ್ತು. ಅವರೂ ಮ್ಯಾಂಚೆಸ್ಟರ್ ಎಂಬ ವಿಜ್ಞಾನಿಯೂ ಇದನ್ನು ಪತ್ತೆಹಚ್ಚಿದರು. ಕಣ್ಣಿಗೆ ಬೀಳದ ನಕ್ಷತ್ರದ ಒಡಲಿನೊಳಗೆ ಏನಿದೆ ಎಂದು ಊಹಿಸಲು ಅದೊಂದು ಕಿಂಡಿಯಾಯಿತು.

1970ರಲ್ಲಿ ರಾಮನ್ ತೀರಿಕೊಂಡರು. 1972ರಲ್ಲಿ ಮಗ ಬೆಂಗಳೂರಿಗೆ ಮರಳಿ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ತಂದೆಯ ಗಾದಿಗೆ ಮಗನೇ ಎಂದು ಮೂಗು ಮುರಿಯುವವರು ಒಂದನ್ನು ನೆನೆಯಬೇಕು. ಸರ್ಕಾರದ ಹಣವನ್ನು ತಂದೆ ದೂರವಿಟ್ಟಿದ್ದರು. ಮಗ ಬಂದ ವರ್ಷವೇ ಸಂಸ್ಥೆ ಕೇಂದ್ರದ ಅನುದಾನಕ್ಕೆ ಒಳಪಟ್ಟಿತು. ತಂದೆಯ ಛಲ ದೊಡ್ಡದು, ನಿಜ. ಆದರೆ ಬೆಳಕನ್ನು ಹರಳಿನಲ್ಲಿ ನೋಡುವ ವಿದ್ಯೆ ಬೇರೆ, ಬಯಲ ತುಂಬ ಕಂಬ ನೆಡಬೇಕಾದ ವಿದ್ಯೆ ಬೇರೆ. ಮಗನ ಹಾದಿಯೇ ಸರಿಯೆಂದು ನನಗೆ ತೋರುತ್ತದೆ. ಗೌರಿಬಿದನೂರಿನ ಬಳಿ ಈ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಜೊತೆಗೂಡಿ ಸಾವಿರ ಆಂಟೆನಾಗಳ ದೂರದರ್ಶಕವನ್ನು ನಿಲ್ಲಿಸಿದವು. ಅದರ ಪೂರ್ವ ಪಶ್ಚಿಮದ ಉದ್ದವೇ ಸುಮಾರು 1.4 ಕಿಲೋಮೀಟರು. ಅದು ಕೇಳುತ್ತಿದ್ದುದು 34.5 ಮೆಗಾಹರ್ಟ್ಸ್‌ನಲ್ಲಿ, ಎಂದರೆ ನಮ್ಮ ಶಾರ್ಟ್‌ವೇವಿನ ನೆರೆಮನೆಯಲ್ಲಿ.

1982ರಲ್ಲಿ ಸೆಕೆಂಡಿಗೆ 642 ಸುತ್ತು ಸುತ್ತುವ ಪಲ್ಸಾರೊಂದು ಪತ್ತೆಯಾಗಿ ವಿಜ್ಞಾನಿಗಳು ಬೆರಗಾದರು. ಎಳೆಯ ನಕ್ಷತ್ರವಾದ್ದರಿಂದ ಈ ವೇಗವೆನ್ನೋಣವೆಂದರೆ, ಸುತ್ತಲೂ ಸ್ಫೋಟದ ಕುರುಹೇ ಇರಲಿಲ್ಲ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಬರೆದರು. ಭೀಮಾ ತೀರದ ಕುಂಬಾರರ ತಿಗರಿಯನ್ನು ನೋಡಿದವರಿಗೆ ಆ ಉತ್ತರ ಹೊಸದೆನಿಸದು: ತಿಗರಿ ನಿಧಾನವಾದೊಡನೆ ಕುಂಬಾರ ಕೋಲು ಚುಚ್ಚಿ ಮತ್ತೆ ಬೀಸುತ್ತಾನೆ. ಮುದಿಯಾದ ಪಲ್ಸಾರಿನ ಮೇಲೆ ಜೊತೆಗಾರ ನಕ್ಷತ್ರದ ದ್ರವ್ಯ ಸುತ್ತಿ ಸುತ್ತಿ ಸುರಿದು ಅದಕ್ಕೆ ಮರುವೇಗ ಕೊಟ್ಟಿದೆ. ಹಾಗಿದ್ದರೆ ಅದರ ಕಾಂತಬಲ ಬಹಳ ಕಡಿಮೆಯಿರಬೇಕು, ವೇಗ ತಗ್ಗುವುದೂ ಅತಿ ನಿಧಾನವಾಗಬೇಕು ಎಂದರು. ಅಮೆರಿಕದಲ್ಲಿ ಇನ್ನೊಂದು ತಂಡವೂ ಆ ವರ್ಷವೇ ಇದೇ ದಾರಿ ಹಿಡಿಯಿತು. ಅಳೆದು ನೋಡಿದಾಗ ನಕ್ಷತ್ರ ಹಾಗೆಯೇ ಇತ್ತು. ಅಂಥ ಪಲ್ಸಾರುಗಳು ಆಮೇಲೆ ನೂರಾರು ಸಿಕ್ಕಿವೆ; ಎಷ್ಟೋ ಕಡೆ ಕೋಲು ಹಿಡಿದ ಜೊತೆಗಾರನೂ ಪಕ್ಕದಲ್ಲಿಯೇ ಸಿಕ್ಕಿದ್ದಾನೆ.