ಹದಿನೈದು ದಿನಗಳ ಬಾಡಿಗೆದಾರ

ಕಳೆದ ಮಳೆಗಾಲದಲ್ಲಿ ನಾನು ವಾನಳ್ಳಿಯ ಮನೆಯಲ್ಲಿದ್ದಾಗ ಸಂಬಂಧಿಕರೊಬ್ಬರು ವಕೀಲರ ನೋಟಿಸೊಂದನ್ನು ಹಿಡಿದು ಬಂದರು. ಮಕ್ಕಳ ಕಾಲೇಜಿನ ಸಲುವಾಗಿ ಅವರು ಆರು ವರ್ಷಗಳಿಂದ ಶಿರಸಿಯಲ್ಲಿ ಬಾಡಿಗೆ ಮನೆ ಮಾಡಿದ್ದಾರೆ. ಘಟ್ಟದಂಚಿನ ನಮ್ಮ ಊರುಗಳಲ್ಲಿ ಇದೀಗ ರೂಢಿಯೇ ಆಗಿದೆ: ಅಪ್ಪ ತೋಟದಲ್ಲಿ, ತಾಯಿ ಮತ್ತು ಮಕ್ಕಳು ಪೇಟೆಯಲ್ಲಿ. ಹದಿನೈದು ದಿನಗಳೊಳಗೆ ಮನೆ ಖಾಲಿ ಮಾಡತಕ್ಕದ್ದು ಎಂದು ನೋಟಿಸಿನಲ್ಲಿತ್ತು. ಇಷ್ಟು ಬೇಗ ಬೇರೆ ಮನೆ ಹುಡುಕುವುದು ಹೇಗೆಂಬ ಚಿಂತೆ ಅವರದು. ಖಾಲಿ ಮಾಡಲೇಬೇಕೇ ಎಂಬ ಪ್ರಶ್ನೆ ಅವರಿಗೆ ಹೊಳೆದೇ ಇರಲಿಲ್ಲ.

ನೋಟಿಸು ನ್ಯಾಯಾಲಯದ ಆದೇಶವಲ್ಲ ಎಂಬ ಸರಳ ಸಂಗತಿ ನಮ್ಮ ವಿದ್ಯಾವಂತ ವರ್ಗಕ್ಕೂ ಸರಿಯಾಗಿ ತಿಳಿದಿಲ್ಲ. ಅವಧಿ ಮುಗಿದ ಮೇಲೂ ಬಾಡಿಗೆದಾರ ಮನೆ ಬಿಡದಿದ್ದರೆ ಮಾಲೀಕ ದಾವೆ ಹೂಡಬೇಕು, ಡಿಕ್ರಿ ಪಡೆಯಬೇಕು, ಅದನ್ನು ನ್ಯಾಯಾಲಯದ ಮೂಲಕವೇ ಜಾರಿ ಮಾಡಿಸಬೇಕು. ನೆಲೆನಿಂತ ಸ್ವಾಧೀನದಲ್ಲಿರುವವರನ್ನು ಕಾನೂನಿನ ಮಾರ್ಗದಿಂದಲ್ಲದೆ ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರ ಕೃಷ್ಣ ರಾಮ್ ಮಹಾಲೆ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಬೀಗ ಒಡೆದು ಸಾಮಾನು ಬೀದಿಗಿಟ್ಟರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನ ಪ್ರಕಾರ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗಳು ಇರುವುದೇ ಇದಕ್ಕೆ.

ಇಷ್ಟನ್ನು ಅವರಿಗೆ ವಿವರಿಸಿ ಧೈರ್ಯ ಹೇಳಿದೆನಾದರೂ ನನ್ನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಇವೆಲ್ಲ ಹೊರಹಾಕುವ ವಿಧಾನಕ್ಕೆ ಸಂಬಂಧಿಸಿದ ರಕ್ಷಣೆಗಳು. ಕಾರಣವಿಲ್ಲದೆ ಹೊರಹಾಕುವುದರಿಂದ ರಕ್ಷಣೆ ಎಲ್ಲಿದೆ?

ಕಾಗದದ ಮೇಲೆ ಇದೆ. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಪ್ರಕಾರ ಮಾಲೀಕ ನಿರ್ದಿಷ್ಟ ಕಾರಣವನ್ನು ರುಜುವಾತುಪಡಿಸಬೇಕು. ಬಾಡಿಗೆ ಬಾಕಿಗಾಗಿ ನೋಟಿಸು ಕೊಟ್ಟು ಎರಡು ತಿಂಗಳಾದರೂ ಪಾವತಿಯಾಗಿಲ್ಲ, ಒಳಬಾಡಿಗೆಗೆ ಕೊಡಲಾಗಿದೆ, ಕಟ್ಟಡಕ್ಕೆ ಹಾನಿಯಾಗಿದೆ, ತನಗೇ ಪ್ರಾಮಾಣಿಕವಾಗಿ ಮನೆ ಬೇಕಾಗಿದೆ ಎಂಬಂತಹ ಕಾರಣಗಳು. ಆದರೆ ಈ ಕಾಯ್ದೆ ತನ್ನ ಅನುಸೂಚಿಯಲ್ಲಿರುವ ನಗರ ಪ್ರದೇಶಗಳಿಗಷ್ಟೇ ಸೀಮಿತ. ಅಲ್ಲಿಯೂ ದೊಡ್ಡ ನಗರಗಳಲ್ಲಿ ಬಾಡಿಗೆ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದರೆ ಅನ್ವಯಿಸುವುದಿಲ್ಲ. ಹದಿನಾಲ್ಕು ಚದರ ಮೀಟರಿಗಿಂತ ದೊಡ್ಡ ಅಂಗಡಿಗೂ ಅನ್ವಯವಿಲ್ಲ. ಇಂದು ಬೆಂಗಳೂರಿನಲ್ಲಿ 3,500 ರೂಪಾಯಿಗೆ ಕುಟುಂಬವೊಂದು ವಾಸಿಸುವ ಮನೆ ಎಲ್ಲಿ ಸಿಗುತ್ತದೆ? ಶಿರಸಿಯಂತಹ ಪಟ್ಟಣದಲ್ಲಿ 2,000ಕ್ಕೆ? ಕಾಯ್ದೆಯನ್ನು ಯಾರೂ ರದ್ದುಪಡಿಸಬೇಕಾಗಿರಲಿಲ್ಲ, ಹಣದುಬ್ಬರವೇ ಆ ಕೆಲಸವನ್ನು ಸದ್ದಿಲ್ಲದೆ ಮಾಡಿದೆ.

ಹೀಗೆ ಕಾಯ್ದೆಯ ಹೊರಗುಳಿದವರನ್ನು ಆಳುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 106ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ತಿಂಗಳ ಬಾಡಿಗೆಯನ್ನು ಹದಿನೈದು ದಿನಗಳ ಲಿಖಿತ ನೋಟಿಸಿನಿಂದ ಕೊನೆಗೊಳಿಸಬಹುದು. ಕಾರಣ ಹೇಳಬೇಕಾಗಿಲ್ಲ. ಬಾಡಿಗೆ ತಪ್ಪದೆ ಕೊಟ್ಟವನಿಗೂ ಕೊಡದವನಿಗೂ ಅಲ್ಲಿ ವ್ಯತ್ಯಾಸವಿಲ್ಲ, ಆರು ತಿಂಗಳು ಇದ್ದವನಿಗೂ ಮೂವತ್ತು ವರ್ಷ ಇದ್ದವನಿಗೂ ಇಲ್ಲ.

ನಮ್ಮ ಜಿಲ್ಲೆಯ ಹಿರಿಯರಿಗೆ ಈ ಸ್ಥಿತಿಯ ಹೆಸರು ಗೊತ್ತು. ಕೆನರಾ ಸೀಮೆಯಲ್ಲಿ ಗೇಣಿದಾರರಲ್ಲಿ ಎರಡು ಬಗೆಯಿತ್ತು. ಮೂಲಗೇಣಿಯವನು ಖಾಯಂ ಒಕ್ಕಲು. ಚಾಲಗೇಣಿಯವನು ಒಡೆಯನ ಮರ್ಜಿ ಇರುವಷ್ಟು ದಿನ. ಚಾಲಗೇಣಿಯ ಭಯ ಎಂತಹದೆಂಬುದನ್ನು ಅರಿತೇ ದಿನಕರ ದೇಸಾಯಿಯವರು ಅಂಕೋಲೆಯ ಸುತ್ತಮುತ್ತ ರೈತಕೂಟ ಕಟ್ಟಿ, ಬ್ರಿಟಿಷ್ ಸರ್ಕಾರದಿಂದ ಗಡೀಪಾರಾದರು. 1951ರಲ್ಲಿ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ನಡೆಯಿತು. ಕೊನೆಗೆ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾಗಿ, ಉಳುವವನು ಒಡೆಯನಾಗುವ ದಾರಿ ತೆರೆಯಿತು.

ಆಗ ನಾನು ಹೈಸ್ಕೂಲು ವಿದ್ಯಾರ್ಥಿ. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಊರಿನ ಹಲವರ ಏಳನೇ ನಮೂನೆಯ ಅರ್ಜಿಗಳನ್ನು ನನ್ನಿಂದ ಬರೆಸಿದರು. ಅವುಗಳಲ್ಲಿ ಒಂದು ನಮ್ಮದೇ ಗದ್ದೆಯ ಮೇಲಿನದು. ಅಜ್ಜ ಹಲವು ದಿನ ನನ್ನೊಡನೆ ಮಾತಾಡಲಿಲ್ಲ. ಮುಂದೆ ಕಂದಾಯ ಇಲಾಖೆಯಲ್ಲಿ ಕೆಲಸ ಮಾಡುವಾಗ ಭೂ ನ್ಯಾಯಮಂಡಳಿಗಳ ಹಳೆಯ ಕಡತಗಳನ್ನು ಓದುವ ಸಂದರ್ಭ ಅನೇಕ ಸಲ ಬಂತು. ಪಹಣಿಯ ಸಾಗುವಳಿ ಕಲಮಿನಲ್ಲಿ ಹೆಸರಿದ್ದವನ, ಗೇಣಿ ರಸೀದಿ ಇಟ್ಟುಕೊಂಡವನ ಅರ್ಜಿ ಸಲೀಸಾಗಿ ಸಾಗಿತ್ತು. ಮಾತಿನ ಮೇಲೆ ಉಳುಮೆ ಮಾಡಿದವನು ಸಾಕ್ಷಿಗಳಿಗಾಗಿ ಅಲೆದಿದ್ದ. ಇಂದಿನ ಪಟ್ಟಣಗಳಲ್ಲಿ ನಗದು ಬಾಡಿಗೆ ಪಡೆದು ರಸೀದಿ ಕೊಡದ ಮಾಲೀಕರನ್ನು ಕಂಡಾಗ ನನಗೆ ಆ ಕಡತಗಳು ನೆನಪಾಗುತ್ತವೆ.

ಹಾಗೆಂದು ಉಳುವವನಿಗೆ ಭೂಮಿ ಕೊಟ್ಟಂತೆ ಬಾಡಿಗೆದಾರನಿಗೆ ಮನೆ ಕೊಡಿ ಎಂದು ನಾನು ವಾದಿಸುತ್ತಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ, ಬಾಡಿಗೆ ದರವನ್ನು ದಶಕಗಳ ಕಾಲ ಕಟ್ಟಿಹಾಕಿದರೆ ಮನೆಗಳು ಮಾರುಕಟ್ಟೆಗೆ ಬರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಒಂದು ಕೋಟಿಗೂ ಹೆಚ್ಚು ಮನೆಗಳು ಖಾಲಿ ಇದ್ದವು. ಬಾಡಿಗೆದಾರ ಮನೆ ಬಿಡಲಾರ ಎಂಬ ಮಾಲೀಕರ ಅಂಜಿಕೆಯೂ ಇದಕ್ಕೆ ಒಂದು ಕಾರಣ. ಸಿವಿಲ್ ದಾವೆಗಳು ವರ್ಷಗಟ್ಟಲೆ ಎಳೆಯುವಾಗ ಆ ಅಂಜಿಕೆಯನ್ನು ತಪ್ಪೆನ್ನಲಾಗದು. ಆದರೆ ಬಾಡಿಗೆಯ ದರ ಬೇರೆ, ವಾಸದ ಭದ್ರತೆ ಬೇರೆ. ದರವನ್ನು ಮಾರುಕಟ್ಟೆಗೆ ಬಿಡುವ ಭರದಲ್ಲಿ ನಾವು ಭದ್ರತೆಯನ್ನೂ ಅದರ ಕೈಗೇ ಒಪ್ಪಿಸಿದ್ದೇವೆ.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಅನುಮೋದಿಸಿದ ಮಾದರಿ ಬಾಡಿಗೆ ಕಾಯ್ದೆ ಲಿಖಿತ ಕರಾರನ್ನು ಕಡ್ಡಾಯಗೊಳಿಸುತ್ತದೆ, ವಾಸದ ಮನೆಯ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುತ್ತದೆ, ಪ್ರತ್ಯೇಕ ಬಾಡಿಗೆ ನ್ಯಾಯಾಲಯಗಳನ್ನು ಸೂಚಿಸುತ್ತದೆ. ಅವಧಿ ಮುಗಿದರೂ ಬಿಡದವನಿಗೆ ಮೊದಲ ಎರಡು ತಿಂಗಳು ಇಮ್ಮಡಿ, ಆಮೇಲೆ ನಾಲ್ಕು ಪಟ್ಟು ಬಾಡಿಗೆಯ ಹೊರೆಯನ್ನೂ ಹಾಕುತ್ತದೆ. ರಾಜ್ಯ ಸ್ವೀಕರಿಸದ ಹೊರತು ಅದಕ್ಕೆ ಇಲ್ಲಿ ಬಲವಿಲ್ಲ. ಅಲ್ಲಿಯವರೆಗೆ 3,500 ಮತ್ತು 2,000ದ ಗೆರೆಯನ್ನು ಇಂದಿನ ಬೆಲೆಗೆ ತಂದು, ಮುಂದೆ ಬೆಲೆ ಸೂಚ್ಯಂಕದೊಂದಿಗೆ ಏರುವಂತೆ ಮಾಡುವುದಕ್ಕೆ ರಾಜ್ಯ ಶಾಸನಸಭೆ ಯಾರನ್ನೂ ಕಾಯಬೇಕಾಗಿಲ್ಲ. ವಾಸ ಮಾಡಿದ ವರ್ಷಗಳಿಗೆ ತಕ್ಕಂತೆ ನೋಟಿಸಿನ ಅವಧಿ ಬೆಳೆಯಬೇಕು. ಓದುವ ಮಕ್ಕಳಿರುವ ಮನೆಗೆ ಪರೀಕ್ಷೆ ಮುಗಿಯುವವರೆಗಾದರೂ ಸಮಯ ಸಿಗಬೇಕು. 1999ರ ಕಾಯ್ದೆಯಲ್ಲಿ ನನ್ನಂತಹ ನಿವೃತ್ತ ಸರ್ಕಾರಿ ನೌಕರರು, ವಿಧವೆಯರು, ವೃದ್ಧರು ಮಾಲೀಕರಾಗಿದ್ದರೆ ತಮ್ಮ ಮನೆಯನ್ನು ಬೇಗ ಮರಳಿ ಪಡೆಯಲು ವಿಶೇಷ ಅವಕಾಶವಿದೆ. ಬಾಡಿಗೆದಾರಳೇ ವಿಧವೆಯೋ ವೃದ್ಧೆಯೋ ಆಗಿದ್ದರೆ ಅವಳಿಗೂ ಅಷ್ಟೇ ಅನುಕಂಪ ಸಲ್ಲಬೇಡವೇ?

ಸಂಬಂಧಿಕರು ವಕೀಲರ ಮೂಲಕ ನೋಟಿಸಿಗೆ ಉತ್ತರ ಕೊಟ್ಟರು. ಮಾತುಕತೆ ನಡೆದು, ಮಾರ್ಚ್‌ವರೆಗೆ ಇರಲು ಮಾಲೀಕರು ಒಪ್ಪಿದರು. ನಾನೂ ಬೆಂಗಳೂರಿನಲ್ಲಿ ಒಂದು ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ನೋಂದಣಿ ತಪ್ಪಿಸಲು ಎಲ್ಲರೂ ಮಾಡುವಂತೆ ಹನ್ನೊಂದು ತಿಂಗಳ ಕರಾರು, ಒಂದು ತಿಂಗಳ ನೋಟಿಸು. ಊರಿನಿಂದ ಮರಳಿದ ಮೇಲೆ ಆ ಒಂದು ತಿಂಗಳನ್ನು ಮೂರು ಎಂದು ತಿದ್ದಿಸಿ, ಪ್ರತಿ ತಿಂಗಳು ರಸೀದಿ ಕಳುಹಿಸತೊಡಗಿದೆ. ಮಗನಿಗೆ ಇದು ಹಿಡಿಸಿಲ್ಲ.